ಆರಾಮ ಅದೀರೇನ್ರಿ? ದೇವಶಾಂತಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಯಾರೇ ಎದುರಾದರೂ ಮೊದಲ ಮಾತು "ಆರಾಮ ಅದೀರೇನ್ರಿ?" ಎಂದು. ನಾವೂ "ಹೂನ್ರಿ, ಆರಾಮ" ಎನ್ನುತ್ತೇವೆ. ಐದು ನಿಮಿಷ ನಿಂತು ಮಾತಾಡಿದರೆ ಗೊತ್ತಾಗುತ್ತದೆ, ಆ ಆರಾಮದ ಒಳಗೆ ಸಾಲ ಇದೆ, ಬೇನೆ ಇದೆ, ಮಾತು ಬಿಟ್ಟ ಅಣ್ಣ ಇದ್ದಾನೆ.

ನಾನು ಬಾಗಲಕೋಟೆಯವಳು. ಕನ್ನಡ ಶಾಲೆಯಲ್ಲಿ 30 ವರ್ಷ ಕಲಿಸಿ ನಿವೃತ್ತಳಾಗಿದ್ದೇನೆ. ನಮ್ಮ ಕ್ರೈಸ್ತ ಸಭೆಯ ಹೆಣ್ಣುಮಕ್ಕಳ ಪ್ರಾರ್ಥನಾ ಕೂಟ ನೋಡಿಕೊಳ್ಳುತ್ತೇನೆ. ಕೂಟದಲ್ಲಿ, ಗುಳೇದಗುಡ್ಡದ ಬಸ್ಸಿನಲ್ಲಿ, ಪತ್ರಗಳಲ್ಲಿ, ಓಣಿಯ ಕಟ್ಟೆಯ ಮೇಲೆ ಜನ ಕೇಳಿದ್ದನ್ನು ಒಂದು ವಹಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಅದರಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲ ಸಲ ಕೇಳುವವರಿಗೆ

ಮನ್ಯಾಗ ಬರೀ ಜಗಳ ಅಕ್ಕೋರ. ನಿಮ್ಮ ಚರ್ಚಿನ್ಯಾಗ ಶಾಂತಿ ಮಾಡಿಸ್ತಾರೇನ್ರಿ?

ನೀವು ಹೇಳುವ ಅರ್ಥದ ಶಾಂತಿ ನಮ್ಮಲ್ಲಿ ಇಲ್ಲ. ಸಾಮಾನಿನ ಚೀಟಿ, ಮುಹೂರ್ತ, ದಕ್ಷಿಣೆ ಯಾವುದೂ ಇಲ್ಲ. ಕರೆದರೆ ಸಭಾಪಾಲಕರು ಮನೆಗೆ ಬರುತ್ತಾರೆ. ಕಥೋಲಿಕರಲ್ಲಿ ಫಾದರ್ ಬರುತ್ತಾರೆ. ಸತ್ಯವೇದದಿಂದ, ಅಂದರೆ ಬೈಬಲ್ಲಿನಿಂದ, ಒಂದು ಭಾಗ ಓದಿ, ಮನೆಯವರ ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ. ಚಹಾ ಕೊಟ್ಟರೆ ಕುಡಿದು ಹೋಗುತ್ತಾರೆ. ಶಾಂತಿ ಕೊಡಿಸುತ್ತೇನೆ ಎಂದು ಯಾರಾದರೂ ರೊಕ್ಕ ಕೇಳಿದರೆ, ಅವರ ಕೈಯಲ್ಲಿ ಸತ್ಯವೇದ ಇದ್ದರೂ ಸರಿ, ಕೊಡಬೇಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರಾರ್ಥನೆ ಮುಗಿದ ಮೇಲೆ ಅತ್ತೆ ಸೊಸೆ ಇಬ್ಬರೂ ಅದೇ ಅಡುಗೆಮನೆಗೆ ಹೋಗಬೇಕು. ಅಲ್ಲಿ ಮೊದಲು ಮಾತಾಡುವವರು ಯಾರು ಎಂಬುದನ್ನು ಸಭಾಪಾಲಕರು ತೀರ್ಮಾನ ಮಾಡಲಾರರು. ಪ್ರಾರ್ಥನೆ ಆ ಮೊದಲ ಮಾತಿಗೆ ಧೈರ್ಯ ಕೊಡುತ್ತದೆ.

ದೇವಶಾಂತಿ ಅಂದ್ರ ಏನ್ರಿ? ಕಷ್ಟನ ಬರದಂಗ ಆಗೋದೇನು?

ಹಾಗಿದ್ದರೆ ಯೇಸುವಿನ ಸುದ್ದಿ ಸಾರುತ್ತಾ ಊರೂರು ತಿರುಗಿದ ಪೌಲನಿಗೆ ಅದು ಸಿಕ್ಕಿರಲೇ ಇಲ್ಲ ಎನ್ನಬೇಕಾಗುತ್ತದೆ. "ದೇವಶಾಂತಿ" ಎಂಬ ಮಾತು ಕನ್ನಡ ಸತ್ಯವೇದದಲ್ಲಿ ಬರುವುದು ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ. ಆ ಪತ್ರ ಬರೆಯುವಾಗ ಪೌಲ ಸೆರೆಯಲ್ಲಿದ್ದ. ಬಿಡುಗಡೆಯೋ ಮರಣವೋ ಅವನಿಗೇ ತಿಳಿದಿರಲಿಲ್ಲ.

ಅವನು ಹೇಳಿದ್ದು ಇಷ್ಟು: ಯಾವುದಕ್ಕೂ ಚಿಂತೆ ಮಾಡಬೇಡಿ, ನಿಮಗೆ ಬೇಕಾದದ್ದನ್ನು ಉಪಕಾರ ಹೇಳುತ್ತಾ ದೇವರಿಗೆ ತಿಳಿಸಿ, ಆಗ ದೇವಶಾಂತಿ ನಿಮ್ಮ ಹೃದಯವನ್ನೂ ಯೋಚನೆಗಳನ್ನೂ ಕಾಯುತ್ತದೆ. ಇಲ್ಲಿ "ಕಾಯುವುದು" ಎಂಬುದಕ್ಕೆ ಗ್ರೀಕಿನಲ್ಲಿ ಇರುವುದು ಸೈನಿಕರು ಊರಿಗೆ ಕಾವಲು ನಿಲ್ಲುವ ಶಬ್ದ. ನಮಗೆ ಇನ್ನೂ ಹತ್ತಿರದ ಕಾವಲು ಒಂದಿದೆ. ಬಿಳಿಜೋಳ ಹಾಲ್ದೆನೆ ಆದಾಗ ಹೊಲದಲ್ಲಿ ಅಟ್ಟ ಕಟ್ಟಿ, ಕವಣೆ ಹಿಡಿದು ಹಕ್ಕಿ ಕಾಯುತ್ತಾರಲ್ಲ, ಅದು. ಅಟ್ಟದ ಮೇಲೆ ಮನುಷ್ಯ ನಿಂತಿದ್ದಾನೆಂದು ಹಕ್ಕಿ ಬರುವುದು ನಿಲ್ಲುವುದಿಲ್ಲ. ಬರುತ್ತವೆ, ತೆನೆಯ ಮೇಲೆ ಕೂಡಲು ಬಿಡುವುದಿಲ್ಲ ಅಷ್ಟೇ. ಚಿಂತೆಯೂ ಹಾಗೇ ಬರುತ್ತದೆ. ಕಾಯುವವನು ಒಬ್ಬ ಅಲ್ಲಿದ್ದಾನೆ.

ಸತ್ಯವೇದದ ಮೊದಲ ಭಾಗವಾದ ಹಳೆ ಒಡಂಬಡಿಕೆಯ ಇಬ್ರಿಯ (ಹೀಬ್ರೂ) ಭಾಷೆಯಲ್ಲಿ ಶಾಂತಿಗೆ "ಶಾಲೋಮ್" ಎನ್ನುತ್ತಾರೆ. ಅದರಲ್ಲಿ ಕ್ಷೇಮ, ಆರೋಗ್ಯ, ಸರಿಯಾದ ಸಂಬಂಧ, ಯಾವುದೂ ಒಡೆಯದೆ ಇಡಿಯಾಗಿರುವುದು ಎಲ್ಲ ಸೇರಿದೆ. ಒಬ್ಬರನ್ನೊಬ್ಬರು ಕಂಡಾಗ ಕ್ಷೇಮ ಕೇಳಲೂ ಅದೇ ಶಬ್ದ. ನಮ್ಮ "ಆರಾಮ" ಅದಕ್ಕೆ ಬಹಳ ದೂರವಿಲ್ಲ ಎಂದು ನನ್ನ ಅನಿಸಿಕೆ.

ಪರಲೋಕದ ಶಾಂತಿ ಸತ್ತ ಮ್ಯಾಲ ಸಿಗೋದಲ್ಲೇನು?

ಪೂರ್ತಿ ಸಿಗುವುದು ಆಗಲೇ. ಆದರೆ ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಏನಿದೆ ನೋಡಿ. ಪರಲೋಕದಲ್ಲಿ ನಿನ್ನ ಚಿತ್ತ ನೆರವೇರುವ ಹಾಗೆ ಭೂಮಿಯ ಮೇಲೂ ನೆರವೇರಲಿ ಎಂದಿದೆ. ಅದರ ಬೆನ್ನಿಗೇ ಇವತ್ತಿನ ಅನ್ನದ ಮಾತು. ನಮ್ಮನ್ನು ಮೇಲಕ್ಕೆ ಕರೆದುಕೋ ಎಂದು ಆ ಪ್ರಾರ್ಥನೆಯಲ್ಲಿ ಎಲ್ಲೂ ಕೇಳಿಲ್ಲ. ಮೇಲಿನದು ಕೆಳಗೆ ಬರಲಿ, ಅಡುಗೆಮನೆಯ ತನಕ ಬರಲಿ ಎಂದು ಕೇಳಿದೆ.

ನಾವು ಕ್ರೈಸ್ತರಲ್ಲ. ಯೇಸುವಿಗೆ ಪ್ರಾರ್ಥನೆ ಮಾಡಬಹುದಾ? ಧರ್ಮ ಬದಲಾಯಿಸಬೇಕಾಗುತ್ತಾ?

ಮಾಡಬಹುದು. ಯಾರನ್ನೂ ಕೇಳಬೇಕಿಲ್ಲ. ರೋಮಿನ ಒಬ್ಬ ಸೇನಾಧಿಕಾರಿ ತನ್ನ ಆಳಿಗಾಗಿ ಯೇಸುವಿನ ಹತ್ತಿರ ಬಂದ. ಕಾನಾನ್ಯದ ಒಬ್ಬ ತಾಯಿ ಮಗಳಿಗಾಗಿ ಹಠ ಹಿಡಿದು ಬೇಡಿಕೊಂಡಳು. ಇಬ್ಬರೂ ಯೆಹೂದ್ಯರಲ್ಲ. ಇಬ್ಬರ ನಂಬಿಕೆಯನ್ನೂ ಯೇಸು ಎಲ್ಲರ ಎದುರು ಹೊಗಳಿದ. ಯೇಸುವಿನ ಬದುಕನ್ನು ಹೇಳುವ ಮತ್ತಾಯನ ಸುವಾರ್ತೆಯ 8 ಮತ್ತು 15ನೇ ಅಧ್ಯಾಯದಲ್ಲಿ ಓದಬಹುದು.

ಕ್ರೈಸ್ತರಾಗಿ ಸಭೆಗೆ ಸೇರುವ ದೀಕ್ಷಾಸ್ನಾನ ಬೇರೆ ವಿಷಯ. ಅದು ಇಡೀ ಬದುಕಿನ ನಿರ್ಧಾರ. ವರ್ಷಗಟ್ಟಲೆ ಯೋಚಿಸಿ, ತಿಳಿದು, ಸ್ವಂತ ಮನಸ್ಸಿನಿಂದ ತೆಗೆದುಕೊಳ್ಳಬೇಕು. ಬೇನೆ ವಾಸಿಯಾಗಲಿ, ನೌಕರಿ ಸಿಗಲಿ ಎಂದು ಅವಸರದಲ್ಲಿ ಮಾಡಿಸಿಕೊಳ್ಳುವುದು ನನಗೆ ಇಷ್ಟವಿಲ್ಲ. ಆಸೆ ತೋರಿಸಿ, ಹೆದರಿಸಿ ಮಾಡಿಸುವವರು ಯೇಸುವಿನ ಹೆಸರಿಗೇ ಕೇಡು ತರುತ್ತಾರೆ. ಆಸ್ತಿ ಮಾರಿ ಬಡವರಿಗೆ ಕೊಟ್ಟು ಬಾ ಎಂದಾಗ ಸಿರಿವಂತ ಯುವಕನೊಬ್ಬ ಮುಖ ಸಪ್ಪಗೆ ಮಾಡಿಕೊಂಡು ತಿರುಗಿ ಹೋದಾಗ ಯೇಸು ಅವನ ಬೆನ್ನು ಹತ್ತಲಿಲ್ಲ.

ಇದು ಹೊರಗಿನಿಂದ ಬಂದದ್ದಲ್ವಾ? ನಮ್ಮ ಮಣ್ಣಿಗೆ ಹೊಂದುತ್ತದಾ?

ಯೇಸು ಹುಟ್ಟಿದ್ದು ಏಷ್ಯಾದಲ್ಲಿ. ಕತ್ತೆಯ ಮೇಲೆ ಕೂತವನು, ಬಾವಿಯ ಕಟ್ಟೆಯ ಮೇಲೆ ನೀರು ಕೇಳಿದವನು. ಬಿತ್ತನೆ, ನೊಗ, ಕಣ, ಕುರಿಹಿಂಡು ಅವನ ಮಾತಿನ ತುಂಬ ಇವೆ. ಇವನ್ನು ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕಡೆ ಸುದ್ದಿ ತಂದವರು ಮಿಷನರಿಗಳು, ನಿಜ. ಲಂಡನ್ ಮಿಷನ್ನಿನವರು 1820ರಲ್ಲಿ ಬೆಳಗಾವಿಗೆ ಬಂದರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, ಆಮೇಲೆ 1851ರಲ್ಲಿ ಖಣ ನೇಯುವ ಊರು ಗುಳೇದಗುಡ್ಡಕ್ಕೆ ಬಂದರು. ಬೆಳಗಾವಿ ಕಥೋಲಿಕ ಧರ್ಮಪ್ರಾಂತ್ಯ ಆದದ್ದು 1953ರಲ್ಲಿ. ಅವರೆಲ್ಲರೂ ಮಾಡಿದ್ದೆಲ್ಲ ಸರಿ ಎಂದು ನಾನು ವಾದಿಸುವುದಿಲ್ಲ. ಆದರೆ ಬಂದವರು ಕನ್ನಡ ಕಲಿತರು. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ಕ್ಕೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಕಿಟೆಲ್ ಅವರ ನಿಘಂಟು 1894ರದು. ನಮ್ಮ ಮುತ್ತಜ್ಜಿಯರು ದೇವರ ಹತ್ತಿರ ಅತ್ತದ್ದು ಕನ್ನಡದಲ್ಲೇ. ನಾನು ಅಳುವುದೂ ಕನ್ನಡದಲ್ಲೇ.

## ದಿನದ ಗದ್ದಲದಲ್ಲಿ

ಮುಂಜಾನೆ ಐದಕ್ಕ ಎದ್ರ ರಾತ್ರಿ ಹನ್ನೊಂದು. ಪ್ರಾರ್ಥನಾಕ್ಕ ಟೈಮ್ ಎಲ್ಲಿಂದ ತರ್ಲಿ?

ಹೆಣ್ಣುಮಕ್ಕಳು ಬಹಳ ಕೇಳುವ ಪ್ರಶ್ನೆ ಇದು. ಕೇಳುವಾಗ ದನಿಯಲ್ಲಿ ತಪ್ಪು ಮಾಡಿದಂತೆ ಒಂದು ಅಳುಕು ಇರುತ್ತದೆ. ಆ ಅಳುಕನ್ನು ಮೊದಲು ಕೆಳಗಿಳಿಸಿ.

ಮಾರ್ಥಳ ಕತೆಯನ್ನು ಎಲ್ಲರೂ ಹೇಳುತ್ತಾರೆ. ಅವಳು ಅಡುಗೆಯ ಗಡಿಬಿಡಿಯಲ್ಲಿದ್ದಳು, ತಂಗಿ ಮರಿಯಳು ಯೇಸುವಿನ ಕಾಲ ಬಳಿ ಕೂತಿದ್ದಳು, ಯೇಸು ಮರಿಯಳನ್ನು ಮೆಚ್ಚಿದ. ಇದನ್ನು ಹೇಳಿ ಎಷ್ಟು ಜನ ಹೆಂಗಸರನ್ನು ನೋಯಿಸಿದ್ದಾರೋ! ಯೇಸು ಮಾರ್ಥಳಿಗೆ ಅಡುಗೆ ಮಾಡಬೇಡ ಎಂದು ಹೇಳಲಿಲ್ಲ. ಹಲವು ವಿಷಯಕ್ಕೆ ಚಿಂತೆ ಹಚ್ಚಿಕೊಂಡಿದ್ದೀ ಎಂದ. ಯೋಹಾನನ ಸುವಾರ್ತೆಯ 11ನೇ ಅಧ್ಯಾಯಕ್ಕೆ ಬನ್ನಿ. ತಮ್ಮ ಲಾಜರ ಸತ್ತ ದುಃಖದಲ್ಲಿ, ನೀನೇ ದೇವರ ಮಗನಾದ ಕ್ರಿಸ್ತ ಎಂದು ಬಾಯಿಬಿಟ್ಟು ಹೇಳಿದವಳು ಇದೇ ಮಾರ್ಥ.

ನನ್ನ ತಾಯಿಯ ಒಂದು ರೂಢಿ ಹೇಳುತ್ತೇನೆ. ಆಕೆಗೆ ಓದು ಬರುತ್ತಿರಲಿಲ್ಲ. ದಿನಾ ಮುಂಜಾನೆ ಹದಿನೈದು ಇಪ್ಪತ್ತು ರೊಟ್ಟಿ ಬಡಿಯುತ್ತಿದ್ದಳು. ಒಂದೊಂದು ರೊಟ್ಟಿಗೆ ಒಬ್ಬೊಬ್ಬರ ಹೆಸರು. ಹಿಟ್ಟು ನಾದುವಾಗ ಹೆಸರು ನೆನೆಯುವುದು, ಬಡಿಯುವಾಗ ಅವರ ಕಷ್ಟ ದೇವರಿಗೆ ಹೇಳುವುದು, ಹಂಚಿನ ಮೇಲೆ ಹಾಕಿ ನೀರು ಸವರುವಾಗ "ಕರ್ತನೇ, ಇದು ನಿಂಗ ಬಿಟ್ಟಿದ್ದು" ಎನ್ನುವುದು. ಮೊದಲ ರೊಟ್ಟಿ ಯಾವಾಗಲೂ ಜಗಳ ಆಡಿದವರ ಹೆಸರಿಗೆ. "ಮೊದಲನೇದು ಕೆಡತೈತಿ, ಅದ್ಕ" ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು. ನನಗೂ ಮನೆ ಸಂಸಾರ ಬಂದು ನಾನೂ ಹಂಚಿನ ಮುಂದೆ ನಿಂತ ಮೇಲೆ ಅದರ ಬೆಲೆ ತಿಳಿಯಿತು. ಕೈ ಒಂದೇ ತಾಳದಲ್ಲಿ ಆಡುವಾಗ ಮನಸ್ಸು ಹಿಡಿತಕ್ಕೆ ಸಿಗುತ್ತದೆ.

ನಿಮ್ಮ ಕೆಲಸ ಮಗ್ಗದ ಮುಂದೆ ಇದ್ದರೆ ಲಾಳಿಯ ಸಪ್ಪಳಕ್ಕೆ, ಹೊಲದಲ್ಲಿದ್ದರೆ ಕಳೆ ತೆಗೆಯುವ ಸಾಲಿಗೆ ಇದನ್ನು ಹೊಂದಿಸಿಕೊಳ್ಳಿ. ಇದರ ಜೊತೆ ಐದೇ ನಿಮಿಷ, ಏನೂ ಕೆಲಸವಿಲ್ಲದೆ, ಸುಮ್ನೆ ಕೂಡುವುದನ್ನೂ ಇಟ್ಟುಕೊಳ್ಳಿ. ಐದು ನಿಮಿಷ ಬೇಡಿಕೊಳ್ಳುವ ಹಕ್ಕು ಮನೆಯಲ್ಲಿ ಎಲ್ಲರಿಗೂ ಇದೆ. ಗಂಡನಿಗೆ ಹೇಳಿ, ಹಾಲು ಉಕ್ಕದ ಹಾಗೆ ನೋಡಿಕೊಳ್ಳಲಿ.

ಕಣ್ಣು ಮುಚ್ಚಿದ್ರ ಸಾಲ, ಮಗಳ ಮದವಿ, ಪಂಪಸೆಟ್ಟು ಇವ ಬರ್ತಾವು. ಮನಸ್ಸು ನಿಲ್ಲೂದಿಲ್ಲ. ಏನ್ಮಾಡ್ಲಿ?

ವಿಜಯಪುರದ ಗೋಳಗುಮ್ಮಟಕ್ಕೆ ರಜೆಯ ದಿನ ಮಧ್ಯಾಹ್ನ ಹೋಗಿದ್ದೀರಾ? ಮೇಲಿನ ಗ್ಯಾಲರಿಯಲ್ಲಿ ಎಲ್ಲರೂ ಕೂಗುತ್ತಾರೆ, ಸೀಟಿ ಹೊಡೆಯುತ್ತಾರೆ. ಒಂದೊಂದು ಕೂಗೂ ಮತ್ತೆ ಮತ್ತೆ ಮೊಳಗಿ ಕಿವಿ ಗಡಚಿಕ್ಕುತ್ತದೆ. ಅದೇ ಜಾಗಕ್ಕೆ ಬೆಳಗಿನ ಜಾವ ಬಾಗಿಲು ತೆರೆದ ಕೂಡಲೇ ಹೋಗಿ. ಆಚೆ ಗೋಡೆಗೆ ಬಾಯಿ ಇಟ್ಟು ಪಿಸುಗುಟ್ಟಿದ್ದು ಈಚೆ ಕಡೆ ಕೂತವರಿಗೆ ಸ್ಪಷ್ಟ ಕೇಳುತ್ತದೆ. ಗುಮ್ಮಟ ಅದೇ, ಗೋಡೆ ಅದೇ.

ಗದ್ದಲದ ಹೊತ್ತಿನಲ್ಲಿ ಮನಸ್ಸನ್ನು ಗದರಿಸಿದರೆ ಇನ್ನೊಂದು ಕೂಗು ಸೇರುತ್ತದೆ, ಅಷ್ಟೇ. ಅದಕ್ಕೇ ಬಂದ ಯೋಚನೆಯನ್ನೇ ಪ್ರಾರ್ಥನೆ ಮಾಡಿಬಿಡಿ. ಪಂಪ್‌ಸೆಟ್ಟು ನೆನಪಾಯಿತೇ? "ಕರ್ತನೇ, ಪಂಪ್‌ಸೆಟ್ಟು ಕೆಟ್ಟಿದೆ, ರಿಪೇರಿಗೆ ದುಡ್ಡಿಲ್ಲ." ಇದು ಪೂರ್ತಿ ಪ್ರಾರ್ಥನೆ. ಸತ್ಯವೇದದ ಪ್ರಾರ್ಥನೆಯ ಹಾಡುಗಳಾದ ಕೀರ್ತನೆಗಳಲ್ಲಿ ಇದಕ್ಕಿಂತ ಒರಟಾಗಿ ಮಾತಾಡಿದ್ದಾರೆ.

ದಿನಾ ಓದೋಕೆ ಯಾವ ಭಾಗ ಒಳ್ಳೇದು?

ನಿದ್ದೆ ಬರದ ರಾತ್ರಿ 4ನೇ ಕೀರ್ತನೆ. ಅದರ ಕೊನೆಯ ವಚನ ಮಲಗುವವರಿಗೇ ಬರೆದಂತಿದೆ. ಮಕ್ಕಳು ದೂರದ ಊರಿಗೆ ರಾತ್ರಿ ಬಸ್ ಹತ್ತಿದಾಗ 121. ಕಾಯುವವನು ತೂಕಡಿಸುವುದಿಲ್ಲ ಎಂದು ಅದರಲ್ಲಿದೆ. ನನಗೆ ಬಹಳ ಇಷ್ಟವಾದದ್ದು 131, ಮೂರೇ ವಚನ. ಮೊಲೆ ಬಿಟ್ಟ ಕೂಸು ತಾಯಿಯ ಹತ್ತಿರ ಹಾಲಿಗಾಗಿ ಅಳದೆ ಸುಮ್ನೆ ಒರಗಿಕೊಂಡ ಹಾಗೆ ನನ್ನ ಜೀವ ಇದೆ ಎನ್ನುತ್ತಾನೆ ದಾವೀದ. ಸುವಾರ್ತೆಗಳಲ್ಲಿ ಮಾರ್ಕ 4ರ ಬಿರುಗಾಳಿ, ಮತ್ತಾಯ 6ರ ಹಕ್ಕಿ ಹೂವು, ಯೋಹಾನ 14. ಇಷ್ಟು ಸಾಕು. ಒಂದನ್ನೇ ಒಂದು ವಾರ ಓದಿ.

ಭಾನುವಾರಾನೂ ಡ್ಯೂಟಿ ಇರ್ತದ. ಚರ್ಚಿಗೆ ಬರಾಕ ಆಗೂದಿಲ್ಲ. ತಪ್ಪೇನ್ರಿ?

ಕಬ್ಬಿನ ಹಂಗಾಮು, ಸಿಮೆಂಟ್ ಫ್ಯಾಕ್ಟರಿಯ ಶಿಫ್ಟು, ಆಸ್ಪತ್ರೆಯ ನೈಟ್ ಡ್ಯೂಟಿ. ನಮ್ಮ ಜನರ ಹೊಟ್ಟೆಪಾಡು ಅದು. ದೇವರಿಗೆ ಗೊತ್ತಿದೆ. ವಾರದಲ್ಲಿ ಬೇರೆ ಒಂದು ದಿನ, ಅರ್ಧ ದಿನವಾದರೂ ವಿಶ್ರಾಂತಿಗೆ ಇಟ್ಟುಕೊಳ್ಳಿ. ಇಬ್ಬರು ಮೂವರು ಸೇರಿ ಪ್ರಾರ್ಥಿಸಿ. ವಿಶ್ರಾಂತಿ ದಿನದ ಆಜ್ಞೆಯಲ್ಲಿ ಆಳುಗಳಿಗೂ ದನಗಳಿಗೂ ವಿಶ್ರಾಂತಿ ಕೊಡಬೇಕೆಂದು ಬರೆದಿದೆ. ಹಾಗಾಗಿ ಆಳು ಇಟ್ಟುಕೊಂಡ ನಮ್ಮವರು ತಾವು ಚರ್ಚಿಗೆ ಬಂದು ಅವರನ್ನು ಹೊಲಕ್ಕೆ ಕಳಿಸಿದರೆ ಆಜ್ಞೆ ಅರ್ಧ ಮಾತ್ರ ಪಾಲಿಸಿದಂತೆ.

ವಾಟ್ಸಾಪ್‌ನಲ್ಲಿ 'ಈ ವಚನ 10 ಜನರಿಗೆ ಕಳಿಸಿ, ಶಾಂತಿ ಸಿಗುತ್ತದೆ' ಅಂತ ಬರುತ್ತೆ. ಕಳಿಸದಿದ್ದರೆ ಏನಾದರೂ ಆಗುತ್ತಾ?

ಏನೂ ಆಗುವುದಿಲ್ಲ. ಅಳಿಸಿಬಿಡಿ. ಆ ಹತ್ತರಲ್ಲಿ ಒಬ್ಬರಿಗೆ ಫೋನ್ ಮಾಡಿ ಆರಾಮ ಇದ್ದೀರಾ ಎಂದು ಕೇಳಿ.

## ಕಷ್ಟ ಬಂದಾಗ

ಪ್ರಾರ್ಥನಾ ಮಾಡಿ ಮಾಡಿ ಸಾಕಾತು. ಸಮಾಧಾನ ಸಿಗವಲ್ದು. ನನ್ನ ವಿಶ್ವಾಸನ ಕಡಿಮಿ ಐತೇನ್ರಿ ಅಕ್ಕೋರ?

ನಿಮ್ಮ ವಿಶ್ವಾಸ ಕಡಿಮೆ ಎಂದು ಯಾರು ಹೇಳಿದರೋ, ಅವರು 88ನೇ ಕೀರ್ತನೆ ಓದಿಲ್ಲ. ಅದು ಶುರುವಾಗುವುದು ಕೂಗಿನಿಂದ, ಮುಗಿಯುವುದು ಕತ್ತಲೆಯಲ್ಲಿ. ಕೊನೆಗೂ ಒಂದು ಸಮಾಧಾನದ ಮಾತಿಲ್ಲ. ಆದರೂ ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ. 13ನೇ ಕೀರ್ತನೆ "ಎಷ್ಟರವರೆಗೆ" ಎಂದು ಮತ್ತೆ ಮತ್ತೆ ಕೇಳುತ್ತದೆ. ಸಾಯುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ನನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ ಎಂದ. ಒಂದೇ ಪ್ರಾರ್ಥನೆಯನ್ನು ಮೂರು ಸಲ ಮಾಡಿದ. ಆತನ ವಿಶ್ವಾಸ ಕಡಿಮೆ ಎನ್ನಲಾದೀತೇ?

ನನ್ನ ಯಜಮಾನರು ತೀರಿಕೊಂಡ ಮೇಲೆ ಸುಮಾರು ಎಂಟು ತಿಂಗಳು ನನಗೆ ಪ್ರಾರ್ಥನೆ ಬರಲಿಲ್ಲ. ಬಾಯಿ ತೆರೆದರೆ ಮಾತು ಹೊರಡುತ್ತಿರಲಿಲ್ಲ. ಆದರೂ ಭಾನುವಾರ ಹೋಗಿ ಹಿಂದಿನ ಬೆಂಚಿನಲ್ಲಿ ಕೂಡುತ್ತಿದ್ದೆ. ಎಲ್ಲರೂ ಹಾಡುತ್ತಿದ್ದರು, ನಾನು ಹಾಡುತ್ತಿರಲಿಲ್ಲ. ಒಂದು ದಿನ ಪಕ್ಕದಲ್ಲಿ ಕೂತ ಹೆಂಗಸು ಹಾಡಿನ ಪುಸ್ತಕವನ್ನು ನನ್ನ ಕಡೆ ಸ್ವಲ್ಪ ಸರಿಸಿ ಹಿಡಿದಳು. ಓದು ಎನ್ನಲಿಲ್ಲ, ಹಾಡು ಎನ್ನಲಿಲ್ಲ. ಪ್ರತಿ ವಾರ ಹಾಗೇ ಹಿಡಿಯುತ್ತಿದ್ದಳು. ಅವಳು ನನ್ನ ಪಾಲಿನದನ್ನೂ ಹಾಡುತ್ತಿದ್ದಾಳೆ ಎಂದು ನನಗೆ ಆಮೇಲೆ ಹೊಳೆಯಿತು. ಸಭೆ ಇರುವುದು ಇದಕ್ಕೇ. ನಿಮಗೆ ಆಗದ ದಿನ ಬಂದು ಕೂಡಿ. ನಿಮ್ಮ ಪಾಲಿನದನ್ನು ಬೇರೆಯವರು ಹಾಡಲಿ.

ನಿದ್ದಿ ಇಲ್ಲ, ಊಟ ಬ್ಯಾಡ, ಸಾಯ್ಬೇಕು ಅನಸ್ತದ. ಡಾಕ್ಟರ್ ಗುಳಿಗಿ ಕೊಟ್ಟಾರ. ತಗೊಂಡ್ರ ದೇವರ ಮ್ಯಾಲ ನಂಬಿಕಿ ಇಲ್ದಂಗ ಆಗ್ತದೇನು?

ಆಗುವುದಿಲ್ಲ. ಗುಳಿಗೆ ತೆಗೆದುಕೊಳ್ಳಿ. ಡಾಕ್ಟರನ್ನು ಕೇಳದೆ ನಿಲ್ಲಿಸಲೂಬೇಡಿ. ಪ್ರಾರ್ಥನೆ ಮಾಡಿಸಿದ್ದೇವೆ, ಇನ್ನು ಗುಳಿಗೆ ಬಿಡು ಎಂದು ಯಾರಾದರೂ ಹೇಳಿದರೆ, ಅವರು ಎಷ್ಟೇ ದೊಡ್ಡ ಬೋಧಕರಾಗಲಿ, ಆ ಮಾತು ಕೇಳಬೇಡಿ.

ಪ್ರವಾದಿ ಎಲೀಯ ಒಮ್ಮೆ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು ಸಾಯಬೇಕೆಂದು ಬೇಡಿಕೊಂಡ. ದೇವರು ಅವನಿಗೆ ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟ. ದೂತನನ್ನು ಕಳಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಕೊಡಿಸಿದ. ಮತ್ತೆ ಮಲಗಿಸಿ ಮತ್ತೆ ಉಣ್ಣಿಸಿದ. ಮಾತು ಬಂದದ್ದು ಬಹಳ ದಿನದ ಮೇಲೆ, ಅದೂ ಮೆಲ್ಲಗೆ. ಮೂರನೆಯ ಸುವಾರ್ತೆ ಬರೆದ ಲೂಕನನ್ನು ಪೌಲ ಪ್ರಿಯ ವೈದ್ಯ ಎಂದು ಕರೆದಿದ್ದಾನೆ.

ಸಾಯುವ ಯೋಚನೆ ಬಂದಾಗ ಒಬ್ಬರೇ ಇರಬೇಡಿ. ಮನೆಯವರಲ್ಲಿ ಒಬ್ಬರಿಗೆ ಈಗಲೇ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲಿ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಜಿಲ್ಲಾ ಆಸ್ಪತ್ರೆಗೆ ಹೋಗಿ. ನಮಗೆ ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಕೂಡ ದೂರವಲ್ಲ. ಜೊತೆಗೆ ಬರುವವರು ಇಲ್ಲ ಎಂದರೆ ನಿಮ್ಮ ಸಭೆಯವರನ್ನು ಕೇಳಿ. ನಮ್ಮ ಕೂಟದ ಹೆಂಗಸರು ಹೀಗೆ ಎಷ್ಟೋ ಸಲ ಬಸ್ ಹತ್ತಿದ್ದಾರೆ.

ಮನಿ ಹೊಲ ಎಲ್ಲಾ ಮುಳುಗಡಿ ಆತು. ದೇವರು ಯಾಕ ಹಿಂಗ ಮಾಡಿದ?

ನನ್ನ ತವರುಮನೆಯೂ ಹಿನ್ನೀರಿನಲ್ಲಿದೆ. ಆಲಮಟ್ಟಿಯಲ್ಲಿ ನೀರು ನಿಂತಿತು, ಹಳೆ ಬಾಗಲಕೋಟೆಯ ಎಷ್ಟೋ ಓಣಿ ಹೋದವು, ನಾವು ನವನಗರದ ಸೆಕ್ಟರ್ ನಂಬರಿನ ಮನೆಗೆ ಬಂದೆವು. ಪರಿಹಾರಕ್ಕೆ ನನ್ನ ತಂದೆ ಕಚೇರಿಗೆ ಅಲೆದಾಡಿ ಚಪ್ಪಲಿ ಸವೆಸಿದರು. ಹಾಗಾಗಿ ಈ ಪ್ರಶ್ನೆಗೆ ಹಗುರ ಉತ್ತರ ನನ್ನ ಬಾಯಲ್ಲಿ ಬರುವುದಿಲ್ಲ. ಅಣೆಕಟ್ಟು ಕಟ್ಟಿದವರು ಮನುಷ್ಯರು. ದೇವರು ಮಾಡಿದ ಎಂದು ನಾನು ಹೇಳಲಾರೆ.

ಬಾಬೆಲಿಗೆ ಸೆರೆಹೋದ ಇಸ್ರಾಯೇಲರು ನದಿಯ ದಂಡೆಯಲ್ಲಿ ಕೂತು ಅತ್ತರು, 137ನೇ ಕೀರ್ತನೆಯಲ್ಲಿದೆ. ಅವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರವೂ ಇದೆ, ಯೆರೆಮೀಯ 29. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವು ಹೋಗಿ ಸೇರಿದ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಬರೆದ. ಅಲ್ಲಿ ಕ್ಷೇಮ ಎಂಬ ಕಡೆ ಇರುವ ಶಬ್ದ ಶಾಲೋಮ್. ಅಳುವ ಕೀರ್ತನೆ ಮತ್ತು ಗಿಡ ನೆಡುವ ಪತ್ರ ಎರಡೂ ನಮಗೆ ಬೇಕು. ನನ್ನ ತಾಯಿ ಹಳೆ ಮನೆಯ ಹಿತ್ತಲಿಂದ ಕರಿಬೇವಿನ ಸಸಿ ಕಿತ್ತು ತಂದಿದ್ದಳು. ನೆಡುವಾಗ ಅತ್ತಳು. ಈಗ ಓಣಿಯವರೆಲ್ಲ ಅದರ ಎಲೆ ಕಿತ್ತುಕೊಂಡು ಹೋಗುತ್ತಾರೆ.

ಅಣ್ಣ ಆಸ್ತಿಯಲ್ಲಿ ಮೋಸ ಮಾಡಿದ್ದಾನೆ. ಶಾಂತಿ ಬೇಕು ಅಂದ್ರೆ ಪಾಲು ಬಿಟ್ಟುಕೊಡಬೇಕಾ?

ಇದೇ ಪ್ರಶ್ನೆಯನ್ನು ಒಬ್ಬ ಯೇಸುವಿನ ಹತ್ತಿರ ತಂದಿದ್ದ. ನನ್ನ ಅಣ್ಣನಿಗೆ ಪಾಲು ಕೊಡಲು ಹೇಳು ಎಂದ. ನನ್ನನ್ನು ನಿಮ್ಮ ಪಾಲು ಮಾಡುವವನಾಗಿ ನೇಮಿಸಿದವರು ಯಾರು ಎಂದು ಯೇಸು ಕೇಳಿದ. ಆಮೇಲೆ ಲೋಭದ ಬಗ್ಗೆ ಎಚ್ಚರಿಸಿದ. ಲೂಕ 12ರಲ್ಲಿದೆ. ಹಾಗಾಗಿ ನಾನೂ ನಿಮ್ಮ ಪಾಲು ಮಾಡುವುದಿಲ್ಲ.

ಕ್ಷಮೆ ಬೇರೆ, ಹಕ್ಕು ಬೇರೆ. ಕ್ಷಮಿಸಿ ಕೂಡ ಕೋರ್ಟಿಗೆ ಹೋಗಬಹುದು. ಹಕ್ಕು ಬಿಟ್ಟುಕೊಟ್ಟು ಕೂಡ ಸಾಯುವ ತನಕ ದ್ವೇಷ ಇಟ್ಟುಕೊಂಡವರನ್ನು ನೋಡಿದ್ದೇನೆ. ಕೇಸು ವರ್ಷಗಟ್ಟಲೆ ನಡೆಯಬಹುದು. ಅಷ್ಟು ವರ್ಷವೂ ಅಣ್ಣನ ಮಕ್ಕಳ ಮದುವೆಗೆ ಹೋಗಬೇಡಿ, ಸತ್ತಾಗ ಮಣ್ಣು ಹಾಕಬೇಡಿ ಎಂದು ಯಾವ ಕೋರ್ಟೂ ಹೇಳುವುದಿಲ್ಲ.

ಮತ್ತಾಯ 5ರಲ್ಲಿ, ಕಾಣಿಕೆ ಕೊಡಲು ಬಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ ಎಂದಿದೆ. ಪೌಲ ಸ್ವಲ್ಪ ಉಸಿರಾಡಲು ಜಾಗ ಕೊಟ್ಟಿದ್ದಾನೆ. ಸಾಧ್ಯವಿದ್ದರೆ, ನಿಮ್ಮಿಂದ ಆಗುವಷ್ಟು ಮಟ್ಟಿಗೆ, ಎಲ್ಲರ ಸಂಗಡ ಸಮಾಧಾನದಿಂದ ಇರಿ ಎನ್ನುತ್ತಾನೆ. ನಿಮ್ಮ ಪಾಲಿನ ಹೆಜ್ಜೆ ನೀವು ಇಡಿ. ಅವನ ಬಾಗಿಲು ಅವನೇ ತೆರೆಯಬೇಕು.

ಗಂಡ ಕುಡಿದು ಹೊಡೀತಾನ. ಮನಿ ಶಾಂತಿಗೆ ಸಹಿಸ್ಕೊ ಅಂತಾರ ಸಭ್ಯಾಗಿನವರು.

ತಪ್ಪು ಹೇಳುತ್ತಾರೆ. ಹೆಂಗಸೊಬ್ಬಳು ಬಾಯಿ ಮುಚ್ಚಿಕೊಂಡ ಮನೆಯನ್ನು ಶಾಂತ ಮನೆ ಎನ್ನಲಾಗದು. ಜನರ ಗಾಯವನ್ನು ಮೇಲೆ ಮೇಲೆ ವಾಸಿಮಾಡಿ, ಶಾಂತಿ ಇಲ್ಲದಾಗ ಶಾಂತಿ ಶಾಂತಿ ಎನ್ನುವವರ ಮೇಲೆ ಯೆರೆಮೀಯ 6:14ರಲ್ಲಿ ದೇವರು ಸಿಟ್ಟಾಗಿದ್ದಾನೆ.

ನೀವೂ ಮಕ್ಕಳೂ ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕೌಟುಂಬಿಕ ಹಿಂಸೆಯಿಂದ ರಕ್ಷಣೆಗೆ 2005ರ ಕಾನೂನು ಇದೆ. ಗಂಡನಿಗಾಗಿ ಪ್ರಾರ್ಥಿಸುವುದನ್ನು ಸುರಕ್ಷಿತವಾದ ಜಾಗದಿಂದಲೂ ಮಾಡಬಹುದು.

## ಇನ್ನೂ ಆಳಕ್ಕೆ ಕೇಳುವವರು

ಧ್ಯಾನದಿಂದಲೂ ಶಾಂತಿ ಸಿಗುತ್ತದಲ್ಲ? ಕ್ರೈಸ್ತ ಶಾಂತಿಯಲ್ಲಿ ಏನು ಬೇರೆ?

ಸಿಗುತ್ತದೆ. ನಮ್ಮ ಜಿಲ್ಲೆಗಳಲ್ಲಿ ಶರಣರ ನೆನಪು ದಟ್ಟವಾಗಿದೆ. ಪಕ್ಕದ ಮನೆಯವರು ಕೂಡಲಸಂಗಮಕ್ಕೆ ಹೋಗಿ ಬಂದಾಗ ಅವರ ಮುಖದಲ್ಲಿ ಒಂದು ತಿಳಿ ಇರುತ್ತದೆ. ಅದನ್ನು ಅಲ್ಲಗಳೆಯುವುದು ನನಗೆ ಬೇಕಿಲ್ಲ. ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಕಥೋಲಿಕರ ಜೆಸ್ವಿಟ್ ಗುರುಗಳೇ ವಿರಕ್ತ ಮಠದ ರೀತಿಯಲ್ಲಿ ಬಾಳಿದ್ದಾರೆ. ಸುಮ್ಮನಿರುವುದನ್ನು ನಾವೂ ಕಲಿಯಬೇಕು.

ಬೇರೆ ಇರುವುದು ಎಲ್ಲಿ ಎಂದರೆ, ಪೌಲ ಎಫೆಸದವರಿಗೆ ಬರೆಯುತ್ತಾ ಕ್ರಿಸ್ತನೇ ನಮ್ಮ ಸಮಾಧಾನ ಎಂದ. ನಮಗೆ ಶಾಂತಿ ಎಂದರೆ ಒಬ್ಬ ವ್ಯಕ್ತಿ. ನನ್ನ ಮನಸ್ಸಿನ ಸ್ಥಿತಿ ಏರುತ್ತದೆ, ಇಳಿಯುತ್ತದೆ. ಆತ ಹಾಗಿಲ್ಲ. ಮಾರ್ಕ 4ರ ಬಿರುಗಾಳಿಯಲ್ಲಿ ದೋಣಿಗೆ ನೀರು ತುಂಬುವಾಗ ಯೇಸುವಿನ ಶಿಷ್ಯರ ಮನಸ್ಸಿನಲ್ಲಿ ಶಾಂತಿ ಒಂದು ಹನಿಯೂ ಇರಲಿಲ್ಲ. ಆದರೆ ಹಿಂಬದಿಯಲ್ಲಿ ತಲೆದಿಂಬಿಗೆ ಒರಗಿ ಮಲಗಿದ್ದವನು ಅವರ ದೋಣಿಯಲ್ಲೇ ಇದ್ದ. ಇನ್ನೊಂದು ಮಾತು: ಈ ಶಾಂತಿಗೆ ಬೆಲೆ ಕೊಟ್ಟವನು ಆತ, ಶಿಲುಬೆಯ ಮೇಲೆ. ಯೋಹಾನ 20ರಲ್ಲಿ ನಿಮಗೆ ಸಮಾಧಾನವಾಗಲಿ ಎಂದವನು ಜೊತೆಗೇ ತನ್ನ ಕೈಯ ಗಾಯ ತೋರಿಸಿದ. ಗಾಯ ಇಲ್ಲದ ಶಾಂತಿಯ ಮಾತನ್ನು ನಾನು ಈಗ ನಂಬುವುದಿಲ್ಲ.

ಯೇಸು 'ಶಾಂತಿ ತರಲು ಬರಲಿಲ್ಲ, ಖಡ್ಗ ತರಲು ಬಂದೆ' ಅಂದಿದ್ದಾನಲ್ಲ?

ಮತ್ತಾಯ 10:34. ಮುಂದಿನ ವಚನಗಳನ್ನು ಸೇರಿಸಿ ಓದಿ. ತನ್ನನ್ನು ಹಿಂಬಾಲಿಸಿದವರಿಗೆ ಮನೆಯಲ್ಲೇ ವಿರೋಧ ಬರುತ್ತದೆ ಎಂದು ಮುಂಚೆಯೇ ತಿಳಿಸುತ್ತಿದ್ದಾನೆ. ಆತನನ್ನು ಹಿಡಿಯಲು ಬಂದ ರಾತ್ರಿ ಶಿಷ್ಯನೊಬ್ಬ ನಿಜವಾದ ಕತ್ತಿ ಹಿರಿದಾಗ, ಒರೆಗೆ ಹಾಕು ಎಂದವನೂ ಆತನೇ. ವಿರೋಧ ಬಂದಾಗ ಸತ್ಯ ಬಿಡಬೇಡಿ, ಆದರೆ ತಂದೆತಾಯಿಯನ್ನು ಹೀಗಳೆಯಲೂಬೇಡಿ.

ಸುತ್ತ ಇಷ್ಟು ಅನ್ಯಾಯ ಇರುವಾಗ ನಮಗೆ ಮಾತ್ರ ಶಾಂತಿ ಸಿಕ್ಕರೆ ಅದು ಸ್ವಾರ್ಥವಲ್ಲವೇ?

ಹೌದು, ಅಷ್ಟಕ್ಕೇ ನಿಂತರೆ ಸ್ವಾರ್ಥವೇ. ಮತ್ತಾಯ 5:9ರಲ್ಲಿ ಧನ್ಯರು ಎನಿಸಿಕೊಂಡವರು ಸಮಾಧಾನಪಡಿಸುವವರು. ಆ ಮಾತಿನಲ್ಲಿ ದುಡಿಮೆ ಇದೆ.

ನಮ್ಮೊಳಗಿನದನ್ನೇ ಮೊದಲು ಹೇಳುತ್ತೇನೆ. ಯೇಸುವಿನ ನೆನಪಿಗೆ ಚರ್ಚಿನಲ್ಲಿ ಎಲ್ಲರೂ ಹಂಚಿಕೊಳ್ಳುವ ಪ್ರಭು ಭೋಜನದಲ್ಲಿ ಒಂದೇ ರೊಟ್ಟಿ, ಒಂದೇ ಪಾತ್ರೆ. ಹೊರಗೆ ಬಂದು ಮಕ್ಕಳ ಸಂಬಂಧ ನೋಡುವಾಗ ಮೂಲ ಜಾತಿ ಯಾವುದು ಎಂದು ಕೇಳುತ್ತೇವೆ. ಇದು ನಾಚಿಕೆಯ ಮಾತು, ಮನಸ್ಸು ಕುದಿಯುತ್ತದೆ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು, ಬಡವರು ಹಸಿದು ಕೂತಾಗ ಪೌಲ ಅದನ್ನು ಕರ್ತನ ಭೋಜನ ಎನ್ನಲು ಒಪ್ಪಲಿಲ್ಲ. ದೇವದಾಸಿ ಪದ್ಧತಿಗೆ ಕರ್ನಾಟಕದಲ್ಲಿ 1982ರಲ್ಲೇ ನಿಷೇಧದ ಕಾನೂನು ಬಂತು. ಆ ಬದುಕು ಬಿಟ್ಟು ಬಂದ ತಾಯಂದಿರ ಮಕ್ಕಳು ನಮ್ಮ ಶಾಲೆಗಳಲ್ಲಿ ತಂದೆಯ ಹೆಸರಿನ ಕಾಲಮಿಗೆ ಬಂದಾಗ ತಲೆ ತಗ್ಗಿಸುವುದನ್ನು ನಾನು ಕಂಡಿದ್ದೇನೆ. ಆ ಮಗುವಿನ ತಲೆ ಮೇಲೆ ಎದ್ದ ದಿನ ನನಗೆ ಮನೆಗೆ ಹೋಗಿ ನಿದ್ದೆ ಬಂದಿದೆ. ಬರೀ ಕಣ್ಣು ಮುಚ್ಚಿ ಕೂತಿದ್ದರೆ ಆ ನಿದ್ದೆ ಸಿಗುತ್ತಿರಲಿಲ್ಲ.

ಸಾಯೂ ಹೊತ್ತಿನ್ಯಾಗ ಈ ಶಾಂತಿ ಇರ್ತದೇನ್ರಿ? ನನಗ ಭಾಳ ಅಂಜಿಕಿ.

ಅಂಜಿಕೆ ಎಲ್ಲರಿಗೂ ಇದೆ, ನನಗೂ ಇದೆ. ಯೇಸುವಿನ ಸಮಾಧಿಯ ಹತ್ತಿರ ಹೋದ ಹೆಂಗಸರೂ ಅಂಜಿದ್ದರು.

ನಮ್ಮ ಕೂಟದ ಹಿರಿಯ ಅಜ್ಜಿಯೊಬ್ಬಳ ಕೊನೆಯ ವಾರದಲ್ಲಿ ನಾವು ಸರದಿ ಪ್ರಕಾರ ಹೋಗಿ ಕೂಡುತ್ತಿದ್ದೆವು. ಒಂದು ಸಂಜೆ ನನ್ನ ಸರದಿ. 23ನೇ ಕೀರ್ತನೆ ಓದು ಎಂದಳು. ಕಾರ್ಗತ್ತಲ ಕಣಿವೆಯ ವಚನಕ್ಕೆ ಬಂದಾಗ ನನ್ನ ದನಿ ನಡುಗಿತು. ಆಕೆ ಕಣ್ಣು ಮುಚ್ಚಿಕೊಂಡೇ ಮುಂದಿನ ಸಾಲನ್ನು ತಾನೇ ಹೇಳಿದಳು, ನೀನು ನನ್ನ ಸಂಗಡ ಇರುತ್ತೀ ಎಂಬುದನ್ನು. ನಾನು ಓದಿ ಮುಗಿಸಿದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ನೆ ಇದ್ದೆವು. ಆಮೇಲೆ ಕಣ್ಣು ತೆರೆದು ಸೊಸೆಯನ್ನು ಕರೆದಳು. "ಹೊತ್ತ ಮುಣಗೇತಿ. ಅಕ್ಕೋರಿಗೆ ರೊಟ್ಟಿ ಹಾಕು, ಉಂಡು ಹೋಗ್ಲಿ."